ಅಪ್‌ಡೇಟ್: ಮಡಿಕೇರಿ ಮಳೆಗೆ ಡೆಕ್ ಮರ, ಕೊನೆಗೆ ಹೊನ್ನೆ

ಮಳೆಗೆ ಪೂರ್ತಿ ತೆರೆದ ಡೆಕ್ಕಿಗೆ (ಮನೆ ಹೊರಗಿನ ಮರದ ಹಲಗೆಯ ಜಗಲಿಗೆ), ಬೆಂಚಿಗೆ ಯಾವ ಮರ ಒಳ್ಳೇದು ಅಂತ ಇಲ್ಲಿ ಮೊದಲು ಕೇಳಿದ್ದೆ, ಈಗ ಕೆಲಸ ಮುಗೀತು.

ತೋಟದ ಸಿಲ್ವರ್ ಓಕ್ ಸಾಕು ಅನ್ನೋ ಸಲಹೆ ನಡೆಯಲಿಲ್ಲ. ಒದ್ದೆ ಮಣ್ಣಲ್ಲಿಟ್ಟ ತುಂಡಿಗೆ ಬೂಷ್ಟು, ಗೆದ್ದಲು ಎರಡೂ ಬಂದವು. ಅದು ಮನೆಯೊಳಗಿನ ಕೆಲಸಕ್ಕೇ ಸರಿ. ಮರದ ಡಿಪೋದಲ್ಲಿ ಸಿಕ್ಕ ತೇಗ ಎಳೆಯದು, ಅರ್ಧಕ್ಕರ್ಧ ಬಿಳಿ ಭಾಗ. "ಮರದ ಹೆಸರು ಬಿಡಿ, ಚೇಗು (ಕಾಂಡದ ಒಳಗಿನ ಕಡು ಬಣ್ಣದ ಗಟ್ಟಿ ಭಾಗ) ನೋಡಿ" ಅಂದವರ ಮಾತೇ ಗೆದ್ದಿತು. ಬಿಳಿ ಅಂಚು ಪೂರ್ತಿ ಸೀಳಿ ತೆಗೆಸಿದ ಹೊನ್ನೆ ಹಲಗೆ ತಂದೆ: 4 ಇಂಚು ಅಗಲ, 1 ಇಂಚು ದಪ್ಪ. ನಡುವೆ 6 ಮಿ.ಮೀ. ಸಂದು, ಕೊಯ್ದ ತುದಿಗಳಿಗೆ ಮೇಣ. ಮೊದಲು ತೂತು ಕೊರೆಯದೆ ಸ್ಕ್ರೂ ಹಾಕಿದರೆ ತುದಿ ಸೀಳುತ್ತದೆ, ಒಂದು ಹಲಗೆ ಹಾಗೇ ಹಾಳಾಯಿತು.

ಯಾರೂ ಹೇಳದ ವಿಷಯ: ಹೊನ್ನೆ ಬಣ್ಣ ಬಿಡುತ್ತದೆ! ಮೊದಲ ಮಳೆಗೇ ಕೆಳಗಿನ ಸಿಮೆಂಟ್ ಮೇಲೆಲ್ಲ ಟೀ ಬಣ್ಣದ ಕಲೆ. ಚೂರು ನೆನೆಸಿಟ್ಟ ನೀರು ಬೆಳಕಿಗೆ ಹಿಡಿದರೆ ನೀಲಿಯಾಗಿ ಹೊಳೆಯಿತು. ಹಲಗೆಗಳನ್ನು ಜೋಡಿಸುವ ಮೊದಲೇ ನಾಲ್ಕೈದು ಮಳೆಗೆ ಹೊರಗಿಟ್ಟಿದ್ದರೆ ಈ ಕಾಟ ಕಮ್ಮಿ ಇರ್ತಿತ್ತು. ಮಾಮೂಲಿ ಕಬ್ಬಿಣದ ಸ್ಕ್ರೂ ಸುತ್ತ ಕಪ್ಪು ಉಂಗುರವೂ ಬಂತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗೆ ಬದಲಾಯಿಸಿ, ಆಕ್ಸಾಲಿಕ್ ಆಸಿಡ್ ನೀರಲ್ಲಿ ಉಜ್ಜಿದ ಮೇಲೆ ಹೋಯಿತು. ಗ್ಲೌಸ್ ಮರೀಬೇಡಿ.