ಪೈಇನ್‌ಸ್ಟಾಲರ್: ವಿಂಡೋಸ್, ಮ್ಯಾಕ್ ಪ್ರತಿಗಳನ್ನು ಉಬುಂಟುವಿನಲ್ಲೇ ಬಿಲ್ಡ್ ಮಾಡಬಹುದೇ?

ಪ್ರಶ್ನೆ

ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಪುಟ್ಟ ತಂತ್ರಾಂಶ. ಪೈಥಾನ್‌ನಲ್ಲಿ ಬರೆದದ್ದು; ಪರದೆಗೆ ಪೈಸೈಡ್ 6 (ಕ್ಯೂಟಿ ಎಂಬ ಲೈಬ್ರರಿಯ ಪೈಥಾನ್ ರೂಪ), ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಬಳಸಿದೆ. ಹಳೆಯ ಪಟ್ಟಿಗಳನ್ನು ಸಿಎಸ್‌ವಿಯಿಂದ ಓದಿಕೊಳ್ಳುತ್ತದೆ, ಎಲ್ಲವೂ ಕನ್ನಡದಲ್ಲಿ. ಉಬುಂಟು 24.04ರಲ್ಲಿ ಪೈಇನ್‌ಸ್ಟಾಲರ್ 6ಕ್ಕೆ (ಪೈಥಾನ್ ತಂತ್ರಾಂಶವನ್ನು ನೇರವಾಗಿ ಓಡುವಂತೆ ಕಟ್ಟಿಕೊಡುವ ಸಾಧನ) ಒನ್‌ಫೈಲ್ (ಎಲ್ಲವೂ ಒಂದೇ ಫೈಲ್) ಆಯ್ಕೆ ಕೊಟ್ಟು ಬಿಲ್ಡ್ ಮಾಡಿದ್ದೇನೆ. ಅದೇ ಫೈಲ್ ಉಬುಂಟು 22.04ರಲ್ಲಿ ‘ಜಿಲಿಬ್‌ಸಿ 2.38 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಎಂದು ನಿಂತುಬಿಡುತ್ತದೆ. ಓಡುವ ಕಡೆ ಇನ್ನೊಂದು ತೊಂದರೆ: ಸೇರಿಸಿದ ಪುಸ್ತಕಗಳು ಮುಚ್ಚಿ ತೆರೆದರೆ ಇರುವುದಿಲ್ಲ. ವಿಂಡೋಸ್, ಮ್ಯಾಕ್ ಪ್ರತಿಗಳನ್ನೂ ಈ ಉಬುಂಟುವಿನಲ್ಲೇ ತೆಗೆಯುವ ದಾರಿ ಇದೆಯೇ?

ಉತ್ತರ 1

ಇಲ್ಲ. ಪೈಇನ್‌ಸ್ಟಾಲರ್ ನಿಮ್ಮ ಕೋಡನ್ನು ಬೇರೆ ಯಂತ್ರಕ್ಕಾಗಿ ಕಂಪೈಲ್ ಮಾಡುವುದಿಲ್ಲ. ಬಿಲ್ಡ್ ಮಾಡಿದ ಯಂತ್ರದ ಪೈಥಾನನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಒಟ್ಟುಗೂಡಿಸುತ್ತದೆ, ಅಷ್ಟೇ. ಹಾಗಾಗಿ ವಿಂಡೋಸ್ ಪ್ರತಿ ವಿಂಡೋಸ್‌ನಲ್ಲೇ, ಮ್ಯಾಕ್ ಪ್ರತಿ ಮ್ಯಾಕ್‌ನಲ್ಲೇ ಆಗಬೇಕು. ಯಂತ್ರಗಳಿಲ್ಲದಿದ್ದರೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನ ಸರ್ವರ್‌ಗಳಲ್ಲೇ ಬಿಲ್ಡ್ ನಡೆಸುವ ಸೇವೆ) ಮೂರು ರನ್ನರ್‌ಗಳ, ಅಂದರೆ ಬಿಲ್ಡ್ ಯಂತ್ರಗಳ, ಮ್ಯಾಟ್ರಿಕ್ಸ್ ಬರೆದರೆ ಸಾಕು.

ಜಿಲಿಬ್‌ಸಿಯನ್ನು ಪೈಇನ್‌ಸ್ಟಾಲರ್ ಜೊತೆಗೆ ಕಟ್ಟುವುದಿಲ್ಲ, ಬಳಕೆದಾರರ ಯಂತ್ರದ್ದನ್ನೇ ನಂಬಿರುತ್ತದೆ. 24.04ರಲ್ಲಿ ಇರುವುದು 2.39, 22.04ರಲ್ಲಿ 2.35. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ತಿರುಗುಮುರುಗಾದರೆ ಓಡದು. ನೀವು ಬೆಂಬಲಿಸಬೇಕಾದ ಅತಿ ಹಳೆಯ ಆವೃತ್ತಿ ಯಾವುದೋ ಅದರ ಕಂಟೇನರ್‌ನಲ್ಲಿ (ನಿಮ್ಮ ಯಂತ್ರದೊಳಗೇ ಪ್ರತ್ಯೇಕವಾಗಿ ಓಡುವ ಆ ಆವೃತ್ತಿಯ ಪರಿಸರ) ಬಿಲ್ಡ್ ಮಾಡಿ. ಆ್ಯಪ್‌ಇಮೇಜ್ (ಲಿನಕ್ಸ್‌ನ ಒಂದೇ ಫೈಲಿನ ಪ್ಯಾಕೇಜ್) ಮಾಡಿದರೂ ಈ ನಿಯಮ ತಪ್ಪುವುದಿಲ್ಲ.

ಪುಸ್ತಕಗಳು ಅಳಿಯುತ್ತಿರುವುದಕ್ಕೆ ಕಾರಣ ಒನ್‌ಫೈಲ್. ಪ್ರತಿ ಸಲ ತೆರೆದಾಗ ಅದು ‘_ಎಂಇಐ’ ಎಂದು ಶುರುವಾಗುವ ತಾತ್ಕಾಲಿಕ ಫೋಲ್ಡರಿಗೆ ಎಲ್ಲವನ್ನೂ ಬಿಚ್ಚಿಕೊಂಡು, ಮುಚ್ಚುವಾಗ ಆ ಫೋಲ್ಡರನ್ನೇ ಅಳಿಸುತ್ತದೆ. ನಿಮ್ಮ ಡೇಟಾಬೇಸ್ ಅದರೊಳಗಿದೆ. ಐಕಾನ್, ಫಾಂಟ್‌ನಂಥ ಓದುವ ಫೈಲ್‌ಗಳು ಮಾತ್ರ ಅಲ್ಲಿರಲಿ. ಬರೆಯುವುದೆಲ್ಲ ಕ್ಯೂಟಿಯ ಸ್ಟ್ಯಾಂಡರ್ಡ್‌ಪಾತ್ಸ್ ಕೊಡುವ ಬಳಕೆದಾರರ ಡೇಟಾ ಫೋಲ್ಡರಿಗೆ ಹೋಗಬೇಕು.

ಉತ್ತರ 2

ಒನ್‌ಫೈಲನ್ನೇ ಬಿಟ್ಟು ಒನ್‌ಡಿರ್ (ಎಲ್ಲವೂ ಒಂದು ಫೋಲ್ಡರಿನಲ್ಲಿ) ಬಳಸಿ. ಪೈಸೈಡ್‌ನಷ್ಟು ದೊಡ್ಡದನ್ನು ಪ್ರತಿ ಸಲ ಬಿಚ್ಚುವುದರಿಂದ ತೆರೆಯಲು ತಡವಾಗುತ್ತದೆ, ವಿಂಡೋಸ್‌ನಲ್ಲಿ ಆಂಟಿವೈರಸ್ ಅನುಮಾನವೂ ಹೆಚ್ಚು. ಆ ಫೋಲ್ಡರನ್ನು ಇನ್ನೋ ಸೆಟಪ್‌ಗೆ (ವಿಂಡೋಸ್ ಇನ್‌ಸ್ಟಾಲರ್ ತಯಾರಿಸುವ ಸಾಧನ) ಕೊಟ್ಟರೆ ಬಳಕೆದಾರರಿಗೆ ಸಿಗುವುದು ಒಂದೇ ಸೆಟಪ್ ಫೈಲ್. ಯುಪಿಎಕ್ಸ್ ಎಂಬ ಸಾಧನದ ಫೈಲ್ ಕುಗ್ಗಿಸುವಿಕೆ ಬೇಡ. ಕ್ಯೂಟಿ ಪ್ಲಗಿನ್‌ಗಳು ಕೆಡುತ್ತವೆ. ಗಾತ್ರ ಇಳಿಸಲು ಹೊಸ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಪೈಸೈಡ್6-ಎಸೆನ್ಷಿಯಲ್ಸ್ ಮಾತ್ರ ಹಾಕಿಕೊಳ್ಳಿ.

ಕನ್ನಡ ಸಿಎಸ್‌ವಿ ಇರುವುದರಿಂದ ಇದನ್ನು ಖಂಡಿತ ನೋಡಿ: ವಿಂಡೋಸ್‌ನಲ್ಲಿ ಪೈಥಾನ್ 3.14ರವರೆಗೂ ಓಪನ್ ಫಂಕ್ಷನ್ ಎನ್‌ಕೋಡಿಂಗ್ ಹೇಳದಿದ್ದರೆ ಯುಟಿಎಫ್-8 ಹಿಡಿಯುವುದಿಲ್ಲ, ನಮ್ಮಲ್ಲಿ ಸಾಮಾನ್ಯವಾಗಿ ಸಿಪಿ1252 (ಕನ್ನಡವಿಲ್ಲದ ಹಳೆಯ ವಿಂಡೋಸ್ ಎನ್‌ಕೋಡಿಂಗ್) ಹಿಡಿಯುತ್ತದೆ. ಕನ್ನಡದ ಹಲಂತ ಚಿಹ್ನೆಯ (್) ಯುಟಿಎಫ್-8 ರೂಪದ ಕೊನೆಯ ಬೈಟ್ 8ಡಿ. ಸಿಪಿ1252ರಲ್ಲಿ ಆ ಜಾಗ ಖಾಲಿ. ಆದ್ದರಿಂದ ಮೊದಲ ಒತ್ತಕ್ಷರ ಬರುವಷ್ಟರಲ್ಲಿ ಡಿಕೋಡ್ ದೋಷ ಬೀಳುತ್ತದೆ. ಉಬುಂಟುವಿನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಕಾಣುವುದಿಲ್ಲ. ಎಲ್ಲ ಓಪನ್ ಕರೆಗಳಲ್ಲೂ ಎನ್‌ಕೋಡಿಂಗ್ ಬರೆಯಿರಿ. ಎಕ್ಸೆಲ್‌ನಿಂದ ಬಂದ ಫೈಲ್‌ಗಳಿಗೆ ‘ಯುಟಿಎಫ್-8-ಸಿಗ್’ ಕೊಡಿ, ಇಲ್ಲದಿದ್ದರೆ ಮೊದಲ ಕಾಲಂನ ಹೆಸರಿಗೆ ಬಿಒಎಂ (ಫೈಲಿನ ಆರಂಭದಲ್ಲಿರುವ ಕಾಣದ ಗುರುತು) ಅಂಟಿಕೊಂಡು ಬರುತ್ತದೆ.

ಮೊದಲ ವಿಂಡೋಸ್ ಬಿಲ್ಡನ್ನು ಕನ್ಸೋಲ್ ಇಟ್ಟುಕೊಂಡೇ ಮಾಡಿ, ದೋಷಗಳು ಕಣ್ಣಿಗೆ ಬೀಳುತ್ತವೆ. ವಿಂಡೋಡ್ (ಕನ್ಸೋಲ್ ಇಲ್ಲದ) ಆಯ್ಕೆಯಲ್ಲಿ ಎಸ್‌ಟಿಡಿಔಟ್, ಅಂದರೆ ಪಠ್ಯ ಹೊರಬರುವ ದಾರಿ, ‘ನನ್’ (ಏನೂ ಇಲ್ಲ) ಆಗಿರುವುದರಿಂದ ಅದಕ್ಕೆ ನೇರವಾಗಿ ಬರೆಯುವ ಲೈಬ್ರರಿಗಳು ಅಲ್ಲೇ ಬೀಳುತ್ತವೆ. ಹಾಂ, ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ವಿಂಡೋಸ್ 7 ಇದೆಯೇ ವಿಚಾರಿಸಿ. ಕ್ಯೂಟಿ 6 ಅದರಲ್ಲಿ ಓಡುವುದಿಲ್ಲ, ಪೈಥಾನ್ 3.8, ಪೈಸೈಡ್ 2ಕ್ಕೆ ಇಳಿಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಡೇಟಾಬೇಸ್ ಜಾಗ ಬದಲಿಸಿದೆ, ಪುಸ್ತಕಗಳು ಈಗ ಉಳಿಯುತ್ತಿವೆ. 22.04 ಕಂಟೇನರ್ ಬಿಲ್ಡ್ ಎರಡರಲ್ಲೂ ಓಡಿತು. ಆ್ಯಕ್ಷನ್ಸ್‌ನಿಂದ ಇಳಿಸಿಕೊಂಡ ಮ್ಯಾಕ್ ಆ್ಯಪ್ ಮಾತ್ರ ತೆರೆಯುತ್ತಿಲ್ಲ.

ಉತ್ತರ 3

ಆ್ಯಪನ್ನು ಹಾಗೇ ಆರ್ಟಿಫ್ಯಾಕ್ಟ್ (ಆ್ಯಕ್ಷನ್ಸ್ ಜಿಪ್ ಮಾಡಿ ಇಟ್ಟುಕೊಡುವ ಫೈಲ್) ಆಗಿ ಏರಿಸಿದ್ದೀರೇನೋ. ಆ ಜಿಪ್‌ನಲ್ಲಿ ಎಕ್ಸಿಕ್ಯೂಟ್ ಅನುಮತಿಯೂ ಸಿಂಬಾಲಿಕ್ ಲಿಂಕ್‌ಗಳೂ (ಬೇರೆ ಫೈಲನ್ನು ತೋರಿಸುವ ಕೊಂಡಿಗಳು) ಉಳಿಯುವುದಿಲ್ಲ, ಸಹಿಯೂ ಮುರಿಯುತ್ತದೆ. ರನ್ನರ್‌ನಲ್ಲೇ ಡಿಟ್ಟೋ ಅಥವಾ ಟಾರ್ ಆದೇಶದಿಂದ ಕಟ್ಟಿ, ಆ ಒಂದು ಫೈಲನ್ನು ಏರಿಸಿ.

ಪೈಇನ್‌ಸ್ಟಾಲರ್ ಹಾಕುವ ಆಡ್-ಹಾಕ್ ಸಹಿ (ಯಾರ ಗುರುತೂ ಇಲ್ಲದ ಸಹಿ) ನಿಮ್ಮ ಯಂತ್ರಕ್ಕೆ ಸಾಕು. ಡೌನ್‌ಲೋಡ್ ಮಾಡಿದವರನ್ನು ಮ್ಯಾಕ್‌ನ ಸುರಕ್ಷತಾ ವ್ಯವಸ್ಥೆಯಾದ ಗೇಟ್‌ಕೀಪರ್ ತಡೆಯುತ್ತದೆ. ಹಂಚುವುದಾದರೆ ವರ್ಷಕ್ಕೆ 99 ಡಾಲರಿನ ಆಪಲ್ ಡೆವಲಪರ್ ಸದಸ್ಯತ್ವ ಪಡೆದು, ಹಾರ್ಡನ್ಡ್ ರನ್‌ಟೈಮ್ (ಕಟ್ಟುನಿಟ್ಟಿನ ಸುರಕ್ಷತಾ ಆಯ್ಕೆ) ಜೊತೆ ಕೋಡ್‌ಸೈನ್‌ನಿಂದ ಸಹಿ, ಆಮೇಲೆ ನೋಟರಿಟೂಲ್‌ನಿಂದ ಆಪಲ್‌ನ ತಪಾಸಣೆ, ಕೊನೆಗೆ ಸ್ಟೇಪ್ಲರ್‌ನಿಂದ ಆ ಒಪ್ಪಿಗೆಯನ್ನು ಆ್ಯಪಿಗೆ ಅಂಟಿಸುವುದು. ನಾಲ್ಕೈದು ಬಳಕೆದಾರರಷ್ಟೇ ಇದ್ದರೆ ಆ ಖರ್ಚು ಬೇಡ: ಒಮ್ಮೆ ತೆರೆಯಲು ಪ್ರಯತ್ನಿಸಿ, ಸೆಟ್ಟಿಂಗ್ಸ್‌ನ ಪ್ರೈವೆಸಿ ಮತ್ತು ಸೆಕ್ಯುರಿಟಿಯಲ್ಲಿ ‘ಓಪನ್ ಎನಿವೇ’ ಒತ್ತಲು ಹೇಳಿ. ಮ್ಯಾಕ್‌ಓಎಸ್ 15ರಿಂದ ರೈಟ್ ಕ್ಲಿಕ್ ದಾರಿ ಮುಚ್ಚಿದೆ. ಇಂಟೆಲ್ ಮ್ಯಾಕ್ ಇರುವವರಿಗೆ ಇಂಟೆಲ್ ರನ್ನರ್‌ನಲ್ಲಿ ಬೇರೆ ಬಿಲ್ಡ್ ಮಾಡಿ.