ಸಹಾಯ ಬೇಕು: ಹಳೇ ಪ್ಲೇಸ್ಟೇಷನ್ ಮೆಮೊರಿ ಕಾರ್ಡ್‌ನಲ್ಲಿರುವ ಸೇವ್‌ಗಳನ್ನು ಲ್ಯಾಪ್‌ಟಾಪ್‌ಗೆ ತರಬೇಕು

ಎಲ್ಲರಿಗೂ ನಮಸ್ಕಾರ. ನಾನು ರಾಜಾಜಿನಗರದಲ್ಲಿದ್ದೇನೆ. ಮನೆ ಬದಲಾಯಿಸುವಾಗ ನಮ್ಮ ಮೊದಲ ಪ್ಲೇಸ್ಟೇಷನ್ ಯಾರಿಗೋ ಕೊಟ್ಟುಬಿಟ್ಟೆವು. ಈಗ ಡಿಸ್ಕ್‌ಗಳು ಮತ್ತು ಬೂದು ಬಣ್ಣದ ಒಂದು ಮೆಮೊರಿ ಕಾರ್ಡ್ ಮಾತ್ರ ಉಳಿದಿವೆ. ಕಾರ್ಡ್ ಮೇಲೆ ಅಣ್ಣ ಪೆನ್ನಲ್ಲಿ ಬರೆದ ‘ಮುಟ್ಟಬೇಡ’ ಇನ್ನೂ ಅಳಿಸಿಲ್ಲ.

ಡಿಸ್ಕ್‌ಗಳನ್ನು ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಂಡು, ಹಳೇ ಪ್ಲೇಸ್ಟೇಷನ್ ಆಟಗಳನ್ನು ಅದರಲ್ಲೇ ನಡೆಸುವ ಡಕ್‌ಸ್ಟೇಷನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಆಡುತ್ತಿದ್ದೇನೆ. ಮೊದಲು ಮ್ಯೂಸಿಕ್ಕೇ ಬರುತ್ತಿರಲಿಲ್ಲ. ಕಾಪಿಯಲ್ಲಿ ಡಿಸ್ಕ್‌ನ ಡೇಟಾ ಇರುವ ಬಿನ್ ಫೈಲ್ ಬದಲು, ಟ್ರ್ಯಾಕ್‌ಗಳ ಪಟ್ಟಿ ಇರುವ ಕ್ಯೂ ಫೈಲ್ ತೆರೆದ ಮೇಲೆ ಸರಿಹೋಯಿತು. ಇನ್ನು ಉಳಿದಿರುವುದು ಸೇವ್‌ಗಳು, ಅಂದರೆ ಆಟ ಎಲ್ಲಿಯವರೆಗೆ ಆಡಿದೆ ಅನ್ನೋ ದಾಖಲೆಗಳು. ಕಾರ್ಡ್‌ನಲ್ಲಿರುವುದು ಬರೀ 128 ಕೆಬಿ, ಸೇವ್ ಇಡಲು 15 ಬ್ಲಾಕ್ (ಖಾನೆ). ಆದರೆ ಅಣ್ಣ ರಾತ್ರಿಯೆಲ್ಲಾ ಕೂತು ಆಡಿದ್ದೆಲ್ಲಾ ಅದರಲ್ಲೇ ಇದೆ. ದೀಪಾವಳಿಗೆ ಅವನು ಬಂದಾಗ ನಿಲ್ಲಿಸಿದ ಜಾಗದಿಂದಲೇ ಆಡಿಸಬೇಕು ಅಂತ ತುಂಬಾ ಆಸೆ.

ಪ್ಲೇಸ್ಟೇಷನ್ 3ಕ್ಕೆ ಬರುತ್ತಿದ್ದ ಮೆಮೊರಿ ಕಾರ್ಡ್ ಅಡಾಪ್ಟರ್ ಇದ್ದರೆ ಯುಎಸ್‌ಬಿಗೆ ಹಾಕಿ, ಮೆಮೊರಿ ಕಾರ್ಡ್ ಓದುವ ಮೆಮ್‌ಕಾರ್ಡ್‌ರೆಕ್ಸ್ ಅನ್ನೋ ಸಾಫ್ಟ್‌ವೇರ್‌ನಿಂದ ಓದಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡ್‌ನಲ್ಲಿ ಎರಡು ಶನಿವಾರ ಸುತ್ತಿದೆ, ಸಿಗಲಿಲ್ಲ. ಆರ್ಡುಯಿನೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡ್‌ಗೆ ವೈರ್ ಜೋಡಿಸಿಯೂ ಓದಬಹುದು, ಆದರೆ ನನಗೆ ಆ ಕೆಲಸ ಬರುವುದಿಲ್ಲ. ಕಾರ್ಡ್ ಸುಟ್ಟುಹೋದರೆ ಮತ್ತೆ ಸಿಗಲ್ಲ ಅಲ್ವಾ?

ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಆ ಅಡಾಪ್ಟರ್ ಇದೆಯಾ? ಅರ್ಧ ಗಂಟೆ ಸಾಕು, ಲ್ಯಾಪ್‌ಟಾಪ್ ಹಿಡಿದು ನಾನೇ ನಿಮ್ಮ ಮನೆಗೆ ಬರುತ್ತೇನೆ. ಆರ್ಡುಯಿನೊದಲ್ಲಿ ಮಾಡಿದವರಿದ್ದರೂ ದಯವಿಟ್ಟು ಹೇಳಿ.