ಟಿಗ್ ರೂಟ್ ಮೇಲೆ ಸ್ಟಿಕ್, ಒಂದೇ ಪಿಕ್ಯೂಆರ್ ಸಾಕಾ?

ಕಿಡಿಮರಿ: ಪಿಕ್ಯೂಆರ್‌ಗೆ (ವೆಲ್ಡಿಂಗ್ ವಿಧಾನದ ಟೆಸ್ಟ್ ರೆಕಾರ್ಡ್) 12 ಎಂಎಂ ಪ್ಲೇಟಲ್ಲಿ ಟೆಸ್ಟ್ ಪೀಸ್ ಮಾಡಿದ್ವಿ, ರೂಟ್ ಅಂದ್ರೆ ತಳದ ಬೆಸುಗೆ ಟಿಗ್ಗಲ್ಲಿ (ಟಂಗ್‌ಸ್ಟನ್ ಮೊನೆ, ಗ್ಯಾಸ್ ವೆಲ್ಡಿಂಗ್) 3 ಎಂಎಂ, ಮಿಕ್ಕಿದ್ದು 9 ಸ್ಟಿಕ್ (ರಾಡ್ ವೆಲ್ಡಿಂಗ್). ಎಎಸ್‌ಎಂಇ ಸೆಕ್ಷನ್ 9 (ವೆಲ್ಡಿಂಗ್ ಅರ್ಹತೆಯ ಕೋಡ್) ಪ್ರಕಾರ 24 ಎಂಎಂ ತನಕ ಹೋಗ್ಬೋದಲ್ವಾ, ಹಾಗಂದ್ರೆ ಟಿಗ್ಗಲ್ಲೇ 10 ಎಂಎಂ ತುಂಬಿಸಿದ್ರೆ ಏನಾಗತ್ತೆ?

ಹಳೇಬೆಸುಗೆ: ಆಗಲ್ಲ ಗುರು, ಎಲ್ಲರೂ ಎಡವೋದು ಇಲ್ಲೇ. 5ರಿಂದ 24 ಅನ್ನೋದು ಬೇಸ್ ಮೆಟಲ್ (ಬೆಸೆಯೋ ಪ್ಲೇಟ್) ಲೆಕ್ಕ, ವೆಲ್ಡ್ ಮೆಟಲ್ (ತುಂಬಿಸಿದ ಬೆಸುಗೆ) ದಪ್ಪ ಪ್ರತಿ ಪ್ರೋಸೆಸ್‌ಗೂ ಬೇರೆ ಬೇರೆ ನೋಡ್ಬೇಕು, ಟೆಸ್ಟಲ್ಲಿ ಹಾಕಿದ್ದರ ಎರಡರಷ್ಟು, ಅಂದ್ರೆ ನಿಮ್ದ್ರಲ್ಲಿ ಟಿಗ್ 6 ತನಕ, ಸ್ಟಿಕ್ 18 ತನಕ ಅಷ್ಟೇ. 10 ಬೇಕಂದ್ರೆ ಟೆಸ್ಟಲ್ಲೇ ಟಿಗ್ ಕನಿಷ್ಠ 5 ಹಾಕ್ಬೇಕಿತ್ತು.

ಗ್ರೈಂಡರ್ ರಾಯ: ಆ 3 ಎಂಎಂ ಅಳತೆ ಮಾಡಿದ್ದಾ ಇಲ್ಲ ಅಂದಾಜಾ? ನಾವೊಮ್ಮೆ ಟಿಗ್ ಮುಗಿದ್ಮೇಲೆ ಅಳೆಯೋದನ್ನೇ ಮರೆತು ಸ್ಟಿಕ್ ಹೊಡೆದ್ಬಿಟ್ವಿ, ಆಮೇಲೆ ಪಿಕ್ಯೂಆರಲ್ಲಿ ಏನ್ ಬರೆಯೋದು ಅಂತ ಮುಖ ಮುಖ ನೋಡ್ಕೊಂಡು ಕೂತ್ವಿ, ಕೊನೆಗೆ ಹೊಸ ಕೂಪನ್ನೇ (ಟೆಸ್ಟ್ ಪೀಸ್) ಮಾಡಿದ್ದು. ಬೆಂಡ್ ಟೆಸ್ಟ್‌ಗೆ (ಬೆಸುಗೆ ಬಗ್ಗಿಸಿ ನೋಡೋದು) ಸೈಡ್ ಬೆಂಡೇ, ಅಂದ್ರೆ ಪಕ್ಕದಿಂದ ಬಗ್ಗಿಸೋದೇ ತಗೊಳ್ಳಿ, ಒಂದೇ ಪೀಸಲ್ಲಿ ಎರಡೂ ಮೆಟಲ್ ಬಗ್ಗತ್ತೆ. ಇಂಪ್ಯಾಕ್ಟ್ ಟೆಸ್ಟ್ (ಹೊಡೆತ ತಡೆಯೋ ಶಕ್ತಿಯ ಪರೀಕ್ಷೆ) ಕೇಳಿದ್ರೆ ಎರಡಕ್ಕೂ ಬೇರೆ ಸೆಟ್ ಬೇಕು, 3 ಎಂಎಂ ಟಿಗ್ಗಲ್ಲಿ ಸ್ಯಾಂಪಲ್ ತೆಗೆಯೋದು ದೊಡ್ಡ ತಲೆನೋವು.

ಕಿಡಿಮರಿ: ಅಳತೆ ಇದೆ, ಬಚಾವ್. 16 ಎಂಎಂ ಜಾಯಿಂಟ್‌ಗೆ ಟಿಗ್ ಬಿಟ್ಟು ಬರೀ ಸ್ಟಿಕ್?

ಹಳೇಬೆಸುಗೆ: ಬಿಡಬಹುದು, 18ರ ಒಳಗಿದೆ. ಆದ್ರೆ ಡಬ್ಲ್ಯೂಪಿಎಸ್‌ನಲ್ಲಿ (ವೆಲ್ಡರ್‌ಗೆ ಕೊಡೋ ಲಿಖಿತ ವಿಧಾನ) ಹಾಗಂತ ಬರೆದಿರ್ಬೇಕು, ಸ್ಟಿಕ್ಕಲ್ಲಿ ರೂಟ್ ಹಾಕೋ ವೆಲ್ಡರೂ ಅದಕ್ಕೆ ಕ್ವಾಲಿಫೈ ಆಗಿರ್ಬೇಕು.